ಬೇವಿನ ಸೊಪ್ಪು ಲೆಕ್ಕಕ್ಕೆ ಬರಲಿಲ್ಲ

ನಮ್ಮ ಗಣಿತದ ಮೇಡಂ ಅವರ ಬಲಗೆನ್ನೆಯ ಮೇಲೆ ಒಂದು ಕುಳಿಯಿತ್ತು, ಹೆಸರುಕಾಳು ಕೂರುವಷ್ಟು. ಬೋರ್ಡಿನ ಮೇಲೆ ಲೆಕ್ಕ ಎಲ್ಲಾದರೂ ಸಿಕ್ಕಿಕೊಂಡರೆ ಅವರ ಬೆರಳು ತಾನಾಗಿ ಅಲ್ಲಿಗೆ ಹೋಗುತ್ತಿತ್ತು. ಹಿಂದಿನ ಬೆಂಚಿನ ನಾವು, “ಮೇಡಂ ಸ್ವಿಚ್ ಒತ್ತಿದ್ರು, ಈಗ ಉತ್ತರ ಬರುತ್ತೆ ನೋಡು” ಎಂದು ಪಿಸುಗುಟ್ಟುತ್ತಿದ್ದೆವು. ಬರುತ್ತಲೂ ಇತ್ತು.

ಅಜ್ಜಂಪುರದವರು, ಕಡೂರಿನ ಕಾಲೇಜಿನಲ್ಲಿ ಪಾಠ. ಅವರ ನಿಜವಾದ ಹುಚ್ಚು ಮಾತ್ರ ಮಕ್ಕಳ ಕಾಯಿಲೆಯ ಲೆಕ್ಕ. ಒಂದು ಮಗುವಿಗೆ ದಡಾರ ಬಂದರೆ ಅದು ಎಷ್ಟು ಮಕ್ಕಳಿಗೆ ಹತ್ತುತ್ತದೆ, ಎಷ್ಟು ಮಕ್ಕಳಿಗೆ ಲಸಿಕೆ ಹಾಕಿದರೆ ನಿಲ್ಲುತ್ತದೆ ಎಂಬುದು. ಒಮ್ಮೆ ಇಡೀ ತರಗತಿಯನ್ನು ಎದ್ದು ನಿಲ್ಲಿಸಿ, ಒಬ್ಬನಿಗೆ ಸೀನಲು ಹೇಳಿ, ಅಕ್ಕಪಕ್ಕದವರ ಬೆನ್ನು ತಟ್ಟಿಸಿದರು. ತಟ್ಟಿಸಿಕೊಂಡವರು ಮತ್ತಿಬ್ಬರನ್ನು ತಟ್ಟಬೇಕು. ಗಳಿಗೆಯಲ್ಲಿ ಕೋಣೆಗೆಲ್ಲ ರೋಗ. ಎರಡನೆಯ ಸಲ ನಾಲ್ಕೈದು ಜನರನ್ನು ಬಿಟ್ಟು ಉಳಿದವರಿಗೆಲ್ಲ, “ನಿಮಗೆ ಸೂಜಿ ಆಗಿದೆ, ಕೂತ್ಕೊಳ್ರೋ” ಎಂದರು. ರೋಗ ಮೊದಲ ಬೆಂಚಿನಲ್ಲೇ ಸತ್ತಿತು. “ನೋಡ್ರೋ, ಪಾಪ, ದಾರೀನೇ ಸಿಗ್ಲಿಲ್ಲ ಅದಕ್ಕೆ!” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಗಣಿತ ಓದಿ ತರೀಕೆರೆಯಲ್ಲಿ ಮೇಷ್ಟ್ರಾದದ್ದು ಆ ನಗುವಿನ ದೆಸೆಯಿಂದ.

ಮುಂದೆ ಒಂದು ವರ್ಷ ದಡಾರ ಎದ್ದಿತು. ಲಸಿಕೆಯ ಗಾಡಿ ಇದ್ದದ್ದು ಒಂದೇ. ಅದನ್ನು ಮೊದಲು ಎಲ್ಲಿಗೆ ಕಳಿಸುವುದೆಂದು ಡಾಕ್ಟರೊಬ್ಬರು ಮೇಡಂ ಅವರನ್ನು ಕೇಳಿದರು. ಮೇಡಂ ನನ್ನನ್ನು ಕರೆದರು. ಆಸ್ಪತ್ರೆಗಳಿಂದ ಬಂದ ಅಂಕಿಗಳನ್ನು ಕಂಪ್ಯೂಟರಿಗೆ ಹಾಕಿದೆವು. ಹಿರೇನಲ್ಲೂರಿನ ಕಡೆ ರೋಗ ಏರುತ್ತಿತ್ತು. ಚೌಳಹಿರಿಯೂರಿನಾಚೆಯ ಒಂದು ಹಳ್ಳಿಯಲ್ಲಿ ಬರೀ ಸೊನ್ನೆ. ಆ ಹಳ್ಳಿಯನ್ನು ಕೊನೆಗಿಟ್ಟೆವು.

ಅದರ ಸರದಿ ಬಂದಾಗ ಗಾಡಿಯಲ್ಲಿ ನಾವಿಬ್ಬರೂ ಹೋದೆವು. ಬೀದಿಗೆ ಕಾಲಿಟ್ಟವರೇ ಮೇಡಂ ನಿಂತುಬಿಟ್ಟರು. ಬಾಗಿಲು ಬಾಗಿಲಿಗೂ ಬೇವಿನ ಸೊಪ್ಪು. ಒಳಗೆ ‘ಅಮ್ಮ’ ಆಗಿದೆ ಎಂದು ಅದರರ್ಥ. ಸಿಡುಬಾಗಲಿ ದಡಾರವಾಗಲಿ ನಮ್ಮ ಸೀಮೆಯಲ್ಲಿ ಅದು ರೋಗವಲ್ಲ, ಮನೆಗೆ ಬಂದ ದೇವಿ. ಒಗ್ಗರಣೆ ಹಾಕುವಂತಿಲ್ಲ, ಹೊರಗಿನವರು ಬರುವಂತಿಲ್ಲ, ಆಸ್ಪತ್ರೆಯ ಮಾತೆತ್ತುವಂತಿಲ್ಲ. ದೇವಿಯನ್ನು ಕರೆದುಕೊಂಡು ಹೋಗಿ ಡಾಕ್ಟರಿಗೆ ಯಾರು ತೋರಿಸುತ್ತಾರೆ?

ಒಂದು ಜಗಲಿಯ ಮೇಲೆ ಅಜ್ಜಿಯೊಬ್ಬಳು ಕೂತಿದ್ದಳು. ಆ ಬಾಗಿಲಿನ ಸೊಪ್ಪು ಒಣಗಿತ್ತು.

“ಮನೇಲಿ ಮಕ್ಕಳು ಯಾರಿದಾರಜ್ಜಿ?” ಎಂದರು ಮೇಡಂ.

“ಒಂದೇ ಒಂದಿತ್ತು ಕಣವ್ವ, ಮೊಮ್ಮಗಳು. ಅಮ್ಮ ಕರ್ಕೊಂಡ್ಬಿಟ್ಲು.”

“ಆಸ್ಪತ್ರೆಗೆ ಯಾಕಜ್ಜಿ ಹೇಳ್ಲಿಲ್ಲ?” ಮೇಡಂ ದನಿ ಏರಿತು.

ಅಜ್ಜಿ ಸಿಟ್ಟಾಗಲಿಲ್ಲ. ಕೈಚಾಚಿ ಮೇಡಂ ಕೆನ್ನೆಯ ಕುಳಿಯನ್ನು ಮುಟ್ಟಿದಳು. “ನಿಂಗೂ ಅಮ್ಮ ಬಂದೋಗೈತಲ್ಲವ್ವ. ನಿಮ್ಮವ್ವ ಯಾರಿಗ್ ಹೇಳಿದ್ಲು?”

ವಾಪಸು ಬರುವಾಗ ಮೇಡಂ, “ಸೊನ್ನೆ ನೋಡಿ ರೋಗ ಇಲ್ಲ ಅಂದ್ಕೊಂಡ್ನಲ್ಲೋ” ಎಂದರು. “ಯಾರೂ ಹೇಳಿಲ್ಲ ಅಂತ ಹೊಳೀಲೇ ಇಲ್ಲ. ಅವ್ವ ನನ್ನನ್ನ ಬೇವಿನ ಸೊಪ್ಪಿನ ಮೇಲೆ ಮಲಗ್ಸಿದ್ದು ಇವತ್ತಿಗೂ ನೆನಪಿದೆ ಕಣೋ. ಹೊರಗಿನೋರು ತಪ್ಪಿದ್ರೆ ಸರಿ. ನಾನೂ ತಪ್ಪಿದ್ನಲ್ಲೋ!”

ಮುಂದಿನ ಸಲ ದಡಾರ ಎದ್ದಾಗ ಮೇಡಂ ಸೊನ್ನೆ ಬಂದ ಊರಿಗೆಲ್ಲ ‘ಗೊತ್ತಿಲ್ಲ’ ಎಂದು ಹಾಕಿಸಿದರು. ಡಾಕ್ಟರು ನೋಡಿ, “ಮೇಡಂ, ಅರ್ಧ ತಾಲ್ಲೂಕು ಗೊತ್ತಿಲ್ಲ ಅಂದ್ರೆ ಗಾಡಿ ಎಲ್ಲಿಗೆ ಕಳಿಸ್ಲಿ?” ಎಂದರು. ಅವರದೇನೂ ತಪ್ಪಿಲ್ಲ. ಮೇಡಂ ಬೆರಳು ಕುಳಿಗೆ ಹೋಯಿತು. ಆ ಸಲ ಉತ್ತರ ಬರಲಿಲ್ಲ.

ಆಮೇಲೆ ಅವರು ಲೆಕ್ಕ ಮುಟ್ಟಲಿಲ್ಲ. ನಗುವುದನ್ನೂ ಬಿಟ್ಟರು. ಹೋದ ವರ್ಷ ತೀರಿಕೊಂಡರು. ಅರಿಶಿನ ಬಳಿದಿದ್ದ ಮುಖದಲ್ಲಿ ಕುಳಿಯನ್ನು ಹುಡುಕಿದೆ, ಕಾಣಲಿಲ್ಲ.

ಆ ಲೆಕ್ಕ ಈಗ ನನ್ನ ಪಾಲಿಗೆ ಬಂದಿದೆ. ಸೊನ್ನೆ ಕಂಡ ಊರಿಗೆ ಬೈಕಿನಲ್ಲಿ ನಾನೇ ಹೋಗಿ ಬಾಗಿಲುಗಳನ್ನು ನೋಡಿ ಬರುತ್ತೇನೆ. ಮೇಡಂ ಋಣ ತೀರಿಸಲು ನನಗೆ ತಿಳಿದಿರುವುದು ಇಷ್ಟೇ. ಕಳೆದ ವಾರ ಅದೇ ಹಳ್ಳಿಗೆ ಹೋಗಿದ್ದೆ. ಅಜ್ಜಿಯ ಪಕ್ಕದ ಮನೆಯ ಬಾಗಿಲಲ್ಲಿ ಹಸಿ ಬೇವು. ಒಳಗೆ ಮಗುವೊಂದು ಕೆಮ್ಮುತ್ತಿತ್ತು. ಕದ ತಟ್ಟಿದೆ.

“ಯಾರೂ ಒಳಕ್ ಬರಬ್ಯಾಡ್ರಪ್ಪ,” ಎಂದಿತು ಹೆಣ್ಣುದನಿ. “ಮನೇಲಿ ಅಮ್ಮ ಆಗೈತೆ.”

ಮತ್ತೆ ತಟ್ಟಿದೆ. ಕೆಮ್ಮು ನನಗೆ ಕೇಳಿಸಬಾರದೆಂದು ಒಳಬಾಗಿಲನ್ನೂ ಹಾಕಿಕೊಂಡರು.