ಗೊಂಬೆಗೆ ಹೊಲಿದ ತೊಗಲಿನ ಜಾಕೀಟು

ಅವರ ಎಡಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡು ಹೋಳಾಗಿತ್ತು. ಆ ಸೀಳಿಗೆ ತೊಗಲಿನ ಅಂಚು ಸಿಕ್ಕಿಸಿ ಒಮ್ಮೆ ಎಳೆದರೆ ಸಾಕು, ಅದರ ಹದ ಎಂಥದು, ಎಷ್ಟು ವರ್ಷ ಬಾಳುತ್ತದೆ ಎಂದು ಹೇಳಿಬಿಡುತ್ತಿದ್ದರು. ದೇವಣಿಯ ದನದ ಬಜಾರಿನ ಗೋಡೆಗೆ ಒತ್ತಿಕೊಂಡಿದ್ದ ತಗಡಿನ ಅಂಗಡಿಯಲ್ಲಿ ಎತ್ತುಗಳಿಗೆ ಕೊರಳಪಟ್ಟಿ ಹೊಲಿಯುವುದು ಅವರ ಕಸುಬು. ಬೀದರ ಕಡೆಯಿಂದ ಗಡಿ ದಾಟಿ ಬಂದು ಮರಾಠಿ ಸೀಮೆಯ ಈ ಹೆಂಡತಿಯ ಊರಲ್ಲೇ ನಿಂತವರು. ನಾನು ಕಾಕಾ ಎನ್ನುತ್ತಿದ್ದೆ.

ನಾನು ನಿಲಂಗಾದಲ್ಲಿ ಶಾಲೆಯ ಶಿಕ್ಷಕಿ. ಜಂಗಮರ ಮನೆಯವಳು, ಮೂವತ್ತು ದಾಟಿದವಳು, ಗೊಂಬೆ ಕೊಳ್ಳುತ್ತೇನೆ. ಮಕ್ಕಳ ಆಟಿಕೆಯಲ್ಲ. ಹೊರದೇಶದಲ್ಲಿ ತಯಾರಾಗುವ, ಒಂದಡಿ ಎತ್ತರದ, ಬೆರಳಿನ ಗೆಣ್ಣು ಕೂಡ ಮಡಚುವ, ಹವ್ಯಾಸದವರು ಗಾಜಿನ ಕಪಾಟಿನಲ್ಲಿ ಇಟ್ಟುಕೊಳ್ಳುವಂಥವು. ಒಂದಕ್ಕೆ ನನ್ನ ತಿಂಗಳ ಪಗಾರ ಹೋಗುತ್ತದೆ. 'ಮಂದಿ ಬಂಗಾರ ಮಾಡಿಸ್ತಾರ, ನಮ್ಮಾಕಿ ಪ್ಲಾಸ್ಟಿಕ್ ಮಾಡಿಸ್ತಾಳ' ಎಂದು ಅಣ್ಣನ ಹೆಂಡತಿ, ನಮ್ಮ ವೈನಿ, ಬಂದವರ ಮುಂದೆಲ್ಲ ಹೇಳುತ್ತಾಳೆ. ಹೇಳಲಿ. ನನ್ನ ದುಡ್ಡು, ನನ್ನ ಕಪಾಟು.

ಅದರಲ್ಲಿ ಒಬ್ಬ ಹಳೇ ಕಾಲದ ಯುದ್ಧವಿಮಾನದ ಪೈಲಟ್ ಇದ್ದ. ಮೈಮೇಲೆ ಕಂದು ಜಾಕೀಟು, ಅದಕ್ಕೆ ನಿಜವಾಗಿಯೂ ಎಳೆಯಬಹುದಾದ ಸಣ್ಣ ಜಿಪ್ಪು. ಡಬ್ಬಿಯ ಮೇಲೆ 'ಅಸಲಿ ಲೆದರಿನ ಅನುಭವ' ಎಂದು ಬಂಗಾರದ ಬಣ್ಣದಲ್ಲಿ ಅಚ್ಚಾಗಿತ್ತು. ಎರಡನೆಯ ಬೇಸಿಗೆಗೆ ಆ ಅನುಭವ ಹಪ್ಪಳದಂತೆ ಎದ್ದು ಉದುರತೊಡಗಿತು. ನಿಲಂಗಾದ ಚಪ್ಪಲಿ ಅಂಗಡಿಯವರೆಲ್ಲ ನಕ್ಕರು. ಒಬ್ಬ ಮಾತ್ರ ದೇವಣಿಗೆ ಹೋಗಿ ಎಂದ.

ಕಾಕಾ ನಗಲಿಲ್ಲ. ಗೊಂಬೆಯ ಮೊಣಕಾಲು ಮಡಚಿ ನೋಡಿದರು, ಆಮೇಲೆ ಮೊಣಕೈ. 'ಕೀಲು ಮಾಡಿದಂವಾ ಉಸ್ತಾದ ಇದ್ದಾನ. ಅಂಗಿ ಮಾಡಿದಂವಾ ಲುಚ್ಚಾ' ಎಂದರು. ಉಗುರಿನಿಂದ ಜಾಕೀಟು ಕೆರೆದು, 'ಇದು ತೊಗಲ ಅಲ್ರಿ ಬಾಯಿ. ಅರಿವಿ ಮ್ಯಾಲ ಬಣ್ಣ ಬಳದಾರ. ನಮ್ಮ ಬಿಸಲಿಗಿ ನಿಲ್ಲಂಗಿಲ್ಲ' ಎಂದರು. ನಮ್ಮ ಕಡೆ ಶಿಕ್ಷಕಿಯನ್ನು ಬಾಯಿ ಎಂದೇ ಕರೆಯುವುದು.

ಅವರು ಹೊಲಿದ ಮೊದಲ ಜಾಕೀಟು ಎತ್ತಿಗೇ ಸರಿಯಾಗಿತ್ತು. ಜನ್ಮವೆಲ್ಲ ಹೊಲಿದದ್ದು ಎತ್ತು ಎಳೆದರೂ ಹರಿಯದ ಪಟ್ಟಿ, ಕೈ ಅದನ್ನೇ ಮಾಡಿತು. ತೊಡಿಸಿದ ಕೂಡಲೇ ಪೈಲಟ್ ಎರಡೂ ಕೈ ಚಾಚಿ ಬೆದರುಬೊಂಬೆಯಂತೆ ನಿಂತ. ನಾನು ಇರಲಿ ಬಿಡಿ ಎಂದೆ. 'ಇರ್ಲಿ ಅಂದ್ರ ಹ್ಯಾಂಗ? ಕೈ ಮಡಚಲಾರದ್ದು ಅಂಗಿ ಏನ್ರಿ ಅದು?' ಎಂದವರೇ ತೊಗಲು ಹೆರೆಯುವ ಅಗಲ ಬಾಯಿಯ ಕತ್ತಿಯಿಂದ ನನ್ನೆದುರೇ ಅದನ್ನು ಸೀಳಿ ಹಾಕಿದರು.

ಎರಡನೆಯದಕ್ಕೆ ತಿಂಗಳು ಹಿಡಿಯಿತು. ಆಡಿನ ಮರಿಯ ಹೊಟ್ಟೆಯ ತೊಗಲನ್ನು ಉಳ್ಳಾಗಡ್ಡಿ ಸಿಪ್ಪೆಯಷ್ಟು ತೆಳ್ಳಗೆ ಹೆರೆದು, ಒಳಗೆ ಹಳೆಯ ಧೋತರದ ಅರಿವೆ ಕೊಟ್ಟು, ಅಂಟು ಮುಟ್ಟದೆ ಬರೀ ಹೊಲಿಗೆಯಲ್ಲಿ ಮಾಡಿದ್ದರು. ಕಂಪನಿಯ ಜಿಪ್ಪನ್ನು ಮಾತ್ರ ಬಿಚ್ಚಿ ಇದಕ್ಕೆ ಕೂಡಿಸಿದ್ದರು. ಚಲೋ ಇದ್ದದ್ದನ್ನು ಯಾಕೆ ಚೆಲ್ಲಬೇಕು ಎಂದು ನನ್ನನ್ನೇ ಕೇಳಿದರು. ಪೈಲಟ್ ಈಗ ಕೈಕಟ್ಟಿಯೂ ನಿಲ್ಲುತ್ತಿದ್ದ. ಕಾಲರಿನ ಒಳಬದಿಗೆ ಒಂದು ಅರ್ಧಚಂದ್ರ, ಕೆಳಗೊಂದು ಚುಕ್ಕೆ ಒತ್ತಿದ್ದರು. ಎತ್ತಿನ ಪಟ್ಟಿಗೆ ಒತ್ತುವ ಅಚ್ಚು ದೊಡ್ಡದಾಯಿತೆಂದು ಮೊಳೆಯ ತಲೆಯನ್ನು ತಿಕ್ಕಿ ಹೊಸದೊಂದು ಅಚ್ಚು ಮಾಡಿಕೊಂಡಿದ್ದರು.

ಆ ಗುರುತು ನನಗೆ ಗೊತ್ತಿತ್ತು. ಎತ್ತುಗಳನ್ನು ಪೂಜಿಸುವ ಪೋಳಾ ಹಬ್ಬಕ್ಕೆ ನಮ್ಮ ಮನೆಯ ಎತ್ತುಗಳಿಗೂ ಅದೇ ಗುರುತಿನ ಪಟ್ಟಿ ಬರುತ್ತಿತ್ತು. ನಮ್ಮ ಅಜ್ಜ ಅದರ ಮೇಲೆ ನೀರು ಚಿಮುಕಿಸಿ ಶುದ್ಧ ಮಾಡಿಯೇ ಕಟ್ಟುತ್ತಿದ್ದರು. ಮಾಡಿದವರನ್ನು ಅಂಗಳಕ್ಕೆ ಕರೆದದ್ದಿಲ್ಲ.

ಜಾಕೀಟಿನ ಫೋಟೋವನ್ನು ಹವ್ಯಾಸದವರ ಗುಂಪಿಗೆ ಹಾಕಿದೆ. ಪುಣೆಯ ಒಬ್ಬ ದೊಡ್ಡ ಸಂಗ್ರಹಕಾರ ಹೈದರಾಬಾದಿಗೆ ಹೊರಟವನು ಉಮರ್ಗಾದ ಹತ್ತಿರ ಹೆದ್ದಾರಿ ಬಿಟ್ಟು ಕಾರು ತಿರುಗಿಸಿಕೊಂಡು ದೇವಣಿಗೇ ಬಂದ, ನಾನೇ ಅಂಗಡಿಗೆ ಕರೆದೊಯ್ದೆ. ಇಂಥವೇ ಇಪ್ಪತ್ತು ಜಾಕೀಟು ಬೇಕು, ಆದರೆ ಒಳಗಿನ ಗುರುತು ಬೇಡ, ಅಲ್ಲಿ ಕಂಪನಿಯ ಚೀಟಿ ಹೊಲಿಯಬೇಕು ಎಂದು ಮರಾಠಿಯಲ್ಲಿ ಹೇಳಿದ. 'ಮೂಲದ್ದೇ ಅಂತ ಕಂಡರೆ ಬೆಲೆ. ಊರಲ್ಲಿ ಹೊಲಿದದ್ದು ಅಂತ ಗೊತ್ತಾದರೆ ಗೊಂಬೆಯ ಬೆಲೆಯೂ ಬೀಳುತ್ತದೆ.'

ನೈಲಾನ್ ಪಟ್ಟಿಗಳು ಬಂದು ಕಾಕಾನ ಕಸುಬು ನೆಲ ಹಿಡಿದಿದ್ದ ಹೊತ್ತದು. ಸಂತೆಯ ದಿನವಷ್ಟೇ ಅಂಗಡಿ ತೆಗೆಯುತ್ತಿದ್ದರು, ದೀಪಾವಳಿಗೆ ಮುಚ್ಚಿಬಿಡುವ ಮಾತೂ ಇತ್ತು. ಈ ಇಪ್ಪತ್ತು ಸಿಕ್ಕರೆ ಅಂಗಡಿ ಉಳಿಯುತ್ತದೆ ಎಂದು ನನಗೆ ಆಸೆ. 'ಒಳಗಿನ ಗುರುತು ತಾನೇ ಕಾಕಾ, ಯಾರಿಗೆ ಕಾಣಿಸ್ತದ?' ಎಂದುಬಿಟ್ಟೆ.

ಅವರು ನನ್ನ ಕಡೆ ತಿರುಗಿದರು. 'ನೀವೂ ಹಿಂಗ ಅಂತೀರೇನ್ರಿ ಬಾಯಿ?' ಎಂದರು. ಸಿಟ್ಟಿರಲಿಲ್ಲ ಅದರಲ್ಲಿ. ಆಮೇಲೆ ಪುಣೆಯವನಿಗೆ, 'ಎತ್ತಿನ ಕೊಳ್ಳಾಗ ನನ್ನ ಗುರುತು ಅದ ಸಾಹೇಬ. ಎತ್ತು ಎಂದೂ ಬ್ಯಾಡ ಅಂದಿಲ್ಲ. ನಿಮ್ಮ ಗೊಂಬಿ ಎತ್ತಿಗಿಂತ ದೊಡ್ಡದೇನ್ರಿ? ಗುರುತು ಇದ್ರ ಹೊಲಿತೀನಿ, ಇಲ್ಲಂದ್ರ ಚಹಾ ಕುಡದು ಹೋಗ್ರಿ' ಎಂದರು. ಅವನು ಚಹಾ ಕುಡಿಯದೆ ಹೋದ.

ನಾನು ಆಡಿದ ಮಾತಿಗೆ ನನಗೆ ಇವತ್ತಿಗೂ ನಾಚಿಕೆ. ನೀರು ಚಿಮುಕಿಸಿದ ಅಜ್ಜನಿಗೂ ಗುರುತು ಅಳಿಸಿ ಎಂದ ನನಗೂ ಏನು ಫರಕು? ಮುಂದಿನ ಭಾನುವಾರ ಹೋಗಿ ತಪ್ಪಾಯಿತು ಎಂದೆ. 'ಅಂಗಡಿ ಉಳೀಲಿ ಅಂತ ಅಂದ್ರಿ, ಗೊತ್ತದ' ಎಂದು ಕೈಗೆ ಒಂದು ತುಂಡು ತೊಗಲು ಕೊಟ್ಟು, ಕಣ್ಣು ಮುಚ್ಚಿ ಒಳಮೈ ಹೊರಮೈ ಗುರುತಿಸುವುದನ್ನು ಕಲಿಸಿದರು. ಅಂಗಡಿ ಆ ದೀಪಾವಳಿಗೇ ಮುಚ್ಚಿತು. ಆಮೇಲೆ ಮನೆಯ ಕಟ್ಟೆಯ ಮೇಲೆ ಕೂತು ಹೊಲಿದರು, ಗುರುತು ಒತ್ತಿಯೇ ಕೊಟ್ಟರು. ಈಗ ನಾನು ಯಾವ ಗೊಂಬೆ ಕೊಂಡರೂ ಡಬ್ಬಿಯ ಮೇಲಿನ ಅಕ್ಷರ ಓದುವುದಿಲ್ಲ, ಕೈಯಿಂದ ಮುಟ್ಟಿ ನೋಡುತ್ತೇನೆ. ಅದು ಅವರು ಕೊಟ್ಟದ್ದು.

ಈ ವರ್ಷ ಪೋಳಾಕ್ಕೆ ಎರಡು ವಾರ ಇರುವಾಗ ಅವರು ತೀರಿಕೊಂಡರು. ಗುಂಪಿನಲ್ಲಿ ನಾಲ್ಕು ಸಾಲು ಬರೆದೆ. ಮರುದಿನವೇ ಪುಣೆಯವನ ಫೋನು. ಪೈಲಟ್‌ನನ್ನು ಜಾಕೀಟಿನ ಸಮೇತ ಕೊಡಿ, ನೀವು ಹೇಳಿದ್ದೇ ಬೆಲೆ ಎಂದ. 'ಗುರುತು ಇದೆಯಲ್ಲ? ಇರಲಿ, ಅದೇ ಮುಖ್ಯ. ಮಾಡಿದವರು ಈಗಿಲ್ಲ, ಇಂಥದ್ದು ಇನ್ನು ಆಗುವುದಿಲ್ಲ ಅಂತ ಎರಡು ಸಾಲು ಬರೆದು ಸಹಿ ಮಾಡಿ ಕೊಡಿ.'

'ಅವರು ಬದುಕಿದ್ದಾಗ ನೀವು ಬ್ಯಾಡ ಅಂದ ಗುರುತು ಅದು. ಈಗ ನಾ ಬ್ಯಾಡ ಅಂತೀನ್ರಿ' ಎಂದು ಫೋನು ಇಟ್ಟೆ.

ಬಂಗಾರದ ಅಕ್ಷರದ ಡಬ್ಬಿಯನ್ನು ಅಂದೇ ರದ್ದಿಯವನಿಗೆ ಹಾಕಿದೆ. ಡಬ್ಬಿ ಹೋದರೆ ಇಂಥ ಗೊಂಬೆಗೆ ಪೇಟೆಯಲ್ಲಿ ಅರ್ಧ ಬೆಲೆಯೂ ಇಲ್ಲ, ಗೊತ್ತಿದ್ದೇ ಹಾಕಿದೆ. ಪೈಲಟ್ ಈಗ ಗಾಜಿನ ಕಪಾಟಿನಲ್ಲಿಲ್ಲ, ನಮ್ಮ ಪಡಸಾಲೆಯಲ್ಲಿ ಅಜ್ಜನ ಫೋಟೋದ ಕೆಳಗೆ ನಿಂತಿದ್ದಾನೆ. ಜಾಕೀಟಿನ ಕಾಲರನ್ನು ಹೊರಗೆ ಮಡಚಿದ್ದೇನೆ.