ತಮ್ಮನ ಪಾತ್ರಕ್ಕೊಂದು ಕಾರಣ

ನಮ್ಮ ಆಟದಲ್ಲಿ ನನ್ನ ತಮ್ಮ ಕಟ್ಟಿದ ಪಾತ್ರಕ್ಕೆ ನೀರಿನ ಭಯವಿರಲಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಈಚೆಗೆ ನನ್ನ ನೆನಪಿನಲ್ಲಿ ಆ ಮನುಷ್ಯ ಅಲೆ ಕಂಡರೆ ನಡುಗತೊಡಗಿದ್ದಾನೆ. ಆ ನಡುಕ ನಾನು ಸೇರಿಸಿದ್ದು. ತಮ್ಮ ಹೇಳಿದ್ದು ಇಷ್ಟೇ: ಹಡಗುಗಳಿಗೆ ದಾರಿ ತೋರಿಸಿ ಬಂದರಿನೊಳಗೆ ತರುತ್ತಿದ್ದವನೊಬ್ಬ, ಈಗ ಬೆಟ್ಟದ ಮೇಲಿನ ಕೋಟೆಯಲ್ಲಿ ಕಾವಲುಗಾರ. ಬಂದರು ಯಾಕೆ ಬಿಟ್ಟ ಎಂದು ಕೇಳಿದ್ದಕ್ಕೆ, "ಬಿಟ್ಟ" ಎಂದ.

ಆಟ ನಡೆಯುತ್ತಿದ್ದದ್ದು ಹಬ್ಬುವಾಡದ ನನ್ನ ಬಾಡಿಗೆ ಕೋಣೆಯಲ್ಲಿ, ಭಾನುವಾರ ಮಧ್ಯಾಹ್ನ ಊಟದ ನಂತರ. ಧಾರವಾಡದಲ್ಲಿ ಎಂ.ಎ. ಓದುವಾಗ ಹಾಸ್ಟೆಲಿನಲ್ಲಿ ಕಲಿತದ್ದು. ಒಬ್ಬರು ಕಲ್ಪನೆಯ ಒಂದು ದೇಶವನ್ನು ಹೇಳುತ್ತ ಹೋಗಬೇಕು. ಉಳಿದವರು ಒಂದೊಂದು ಪಾತ್ರವಾಗಿ ಅಲ್ಲಿ ತಾವೇನು ಮಾಡುತ್ತೇವೆಂದು ಹೇಳಬೇಕು. ಮಾಡಿದ್ದು ಕೈಗೂಡಿತೋ ಇಲ್ಲವೋ ಎನ್ನುವುದನ್ನು ದಾಳ ತೀರ್ಮಾನಿಸುತ್ತದೆ. ದೇಶ ಹೇಳುವವಳು ನಾನು. ಆಡುವವರು ಮೂವರು: ನನ್ನ ಜೊತೆ ಕಾಲೇಜಿನಲ್ಲಿ ಪಾಠ ಮಾಡುವ ಅಂಕೋಲೆಯ ಗೆಳತಿ, ಅವಳ ಗಂಡ, ಮತ್ತು ತಮ್ಮ.

ತಮ್ಮನನ್ನು ಸೇರಿಸಿಕೊಂಡದ್ದು ಆಟಕ್ಕಾಗಿ ಅಲ್ಲ. ನಮ್ಮೂರು ಮಾಜಾಳಿಯಲ್ಲಿ ನಮ್ಮ ಮನೆಯಿಂದ ಎರಡು ಮನೆಯಾಚೆ ದೊಡ್ಡಮ್ಮ ಇದ್ದಾಳೆ. ಅವಳ ಒಬ್ಬನೇ ಮಗ, ನಮಗೆ ಅಣ್ಣ, ತಮ್ಮನ ಜೊತೆ ಮೀನಿಗೆಂದು ದೋಣಿಯಲ್ಲಿ ಹೋದವನು ತಿರುಗಿ ಬರಲಿಲ್ಲ. ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ ದೋಣಿ ಮಗುಚಿತು. ತಮ್ಮ ಮಗುಚಿದ ದೋಣಿಯನ್ನು ಹಿಡಿದುಕೊಂಡಿದ್ದ. ಅಣ್ಣ ಆಮೇಲೆ ಸಿಕ್ಕಿದ್ದು ಗೋವೆಯ ದಂಡೆಯಲ್ಲಿ. ಅಂದಿನಿಂದ ತಮ್ಮ ದೊಡ್ಡಮ್ಮನ ಹೊಸ್ತಿಲು ತುಳಿದಿಲ್ಲ. ಗೋವೆಯ ಕಾರ್ಖಾನೆಗೆ ಸೇರಿಕೊಂಡ. ಬೆಳಗಿನ ಬಸ್ಸಿಗೆ ಹೋಗುವಾಗ ಅವಳ ಮನೆ ತಪ್ಪಿಸಲು ಗದ್ದೆಯ ಅಂಚಿನಿಂದ ಸುತ್ತಿ ಹೋಗುತ್ತಾನೆ. ದೊಡ್ಡಮ್ಮ ಮಾತ್ರ ನಾನು ಸಿಕ್ಕಾಗಲೆಲ್ಲ, ಯಾರೆದುರಿಗೇ ಆಗಲಿ, ಅವನಿಗೆ ಬರೂಕೆ ಹೇಳು ಎನ್ನುತ್ತಿದ್ದಳು. ಒಮ್ಮೆ ಅವನು ಅವಳೆದುರು ಹೋಗಿ ಕೂತರೆ ಸಾಕು, ಎಲ್ಲವೂ ಸರಿಯಾಗುತ್ತದೆ ಎಂದು ನಾನು ನಂಬಿದ್ದೆ. ಮನೆಯಲ್ಲಿ ಬಾಯಿ ಬಿಡದವನು ಇನ್ನೊಬ್ಬನ ಹೆಸರಿನಲ್ಲಾದರೂ ಬಿಟ್ಟಾನು ಎಂಬುದು ನನ್ನ ಲೆಕ್ಕ.

ಆ ದಿನ ನಾನು ಊರಲ್ಲಿರಲಿಲ್ಲ. ಆದರೂ ಮಗುಚಿದ ದೋಣಿ ನನಗೆ ಕಾಣುತ್ತದೆ, ನೀಲಿ ಬಣ್ಣದ್ದು. ನಮ್ಮ ದೋಣಿ ಹಸಿರು.

ಪಾತ್ರ ಕಟ್ಟುವುದಕ್ಕೆ ಒಂದು ಕ್ರಮವಿದೆ ಎಂದು ನಾನು ತಮ್ಮನಿಗೆ ಮೇಷ್ಟ್ರ ಧಾಟಿಯಲ್ಲೇ ವಿವರಿಸಿದೆ. ಪಾತ್ರಕ್ಕೊಂದು ಆಸೆ ಬೇಕು. ಆ ಆಸೆಗೆ ಅಡ್ಡ ನಿಲ್ಲುವುದು ಹೊರಗಿನ ಶತ್ರುವಾದರೆ ಸಪ್ಪೆ, ಅವನೊಳಗಿನದೇ ಆಗಿರಬೇಕು. ಹಿಂದೆ ಅವನು ಏನಾದರೂ ಮಾಡಿರಬೇಕು, ಅದನ್ನು ಯಾರಿಗೂ ಹೇಳಿರಬಾರದು. ಆಗ ಅವನು ಎರಡು ಕಡೆಗೆ ಎಳೆಯಲ್ಪಡುತ್ತಾನೆ, ಆಗಲೇ ಕತೆ ನಡೆಯುತ್ತದೆ.

"ಅಂವಗೆ ಎಂತದೂ ಬೇಡ," ಎಂದ ತಮ್ಮ.

"ಎಂತದೂ ಬೇಡದವ ಆಟದಲ್ಲಿ ಎಂತಾ ಮಾಡ್ತಾ?" ಎಂದಳು ಗೆಳತಿ. "ಒಂದು ಪ್ಲೇಟ್ ಭಜೆಯಾದ್ರೂ ಬೇಕನಾ ಕೇಳು ಮಾರಾಯ್ತಿ."

ತಮ್ಮ ನಕ್ಕ. ಅವನು ನಕ್ಕದ್ದು ನನಗೆ ಚೆನ್ನಾಗಿ ನೆನಪಿದೆ ಎಂದು ಬರೆಯಹೊರಟಿದ್ದೆ. ನೆನಪಿರುವುದು, ಸದ್ಯ, ನಕ್ಕನಲ್ಲಾ ಎಂದು ನನಗಾದ ಸಮಾಧಾನ.

ಕೆಲವು ವಾರ ಅವನ ಕಾವಲುಗಾರ ಸುಮ್ಮನೆ ಕೋಟೆ ಕಾದ. ಗೆಳತಿಯ ಗಂಡ ಆಡುತ್ತಿದ್ದ ಕಳ್ಳನ ಪಾತ್ರ ಅವನ ಕಣ್ಣೆದುರೇ ಉಗ್ರಾಣ ದೋಚಿದರೂ ಕಾವಲುಗಾರ ಕೂತೇ ಇದ್ದ. ಅದನ್ನೇ ಹಿಡಿದು ಅವರಿಬ್ಬರೂ ಬಹಳ ಗೇಲಿ ಮಾಡಿದರು. ಕೊನೆಗೆ ನಾನೇ ಅವನಿಗೊಂದು ಹಿಂದಿನ ಕತೆ ಹೆಣೆದೆ. ಬಂದರಿನಲ್ಲಿ ಅವನಿಗೊಬ್ಬ ಜೊತೆಗಾರನಿದ್ದ, ಅವನು ಮುಳುಗಿದ, ಇವನಿಗೆ ಉಳಿಸಲಾಗಲಿಲ್ಲ. ಜೊತೆಗಾರನ ತಾಯಿ ಇನ್ನೂ ಅಲ್ಲೇ ಇದ್ದಾಳೆ. ಊರಿಗೆ ಹೋಗುವುದೇ ಅವನ ಆಸೆ, ಆ ತಾಯಿಯ ಮುಖ ನೋಡಬೇಕಾದೀತು ಎಂಬುದೇ ಅಡ್ಡಿ. ಇದು ಬರೀ ಕಲ್ಪನೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆನೋ, ತಿಳಿದೇ ಮಾಡಿದೆನೋ, ಈಗ ಹೇಳಲಾರೆ. ತಮ್ಮ ಕೇಳಿಸಿಕೊಂಡ, ಬೇಡ ಎನ್ನಲಿಲ್ಲ. ಅವನು ಬೇಡ ಎನ್ನದಿದ್ದುದನ್ನು ನಾನು ಒಪ್ಪಿಗೆ ಎಂದುಕೊಂಡೆ.

ಮುಂದಿನ ಭಾನುವಾರ ಕಾವಲುಗಾರನನ್ನು ಬಂದರಿಗೆ ಕರೆತಂದೆ. ತಾಯಿಯ ಪಾತ್ರವನ್ನು ಗೆಳತಿಗೆ ಕೊಟ್ಟೆ. ಅವಳು ಅಂಕೋಲೆಯ ಮೀನುಗಾರರ ಮನೆಯವಳು. ನನ್ನ ಕಲ್ಪನೆಯ ದೇಶಕ್ಕೆ ತನ್ನ ದಂಡೆಯ ರೂಢಿಯನ್ನೇ ತಂದುಬಿಟ್ಟಳು. ದಂಡೆಯಿಂದ ರಾಂಪಣಿ ಬಲೆ ಎಳೆಯುವಾಗ ಹಗ್ಗಕ್ಕೆ ಕೈ ಹಚ್ಚಿದವರೆಲ್ಲರಿಗೂ ಒಂದು ಪಾಲು ಸಿಗುತ್ತದೆ, ದಾರಿಹೋಕನಾದರೂ ಸರಿ. ಅವಳು ಕೂತಲ್ಲೇ ಸೆರಗು ಸರಿಪಡಿಸಿಕೊಂಡು, ಮುದುಕಿಯ ದನಿಯಲ್ಲಿ, ಮೆತ್ತಗೆ ಹೇಳಿದಳು:

"ನೀ ಅವ್ನ ಸಂಗ್ತಿಗೆ ಹಗ್ಗಕ್ಕೆ ಕೈ ಹಚ್ಚಿದವ ಮಗಾ. ನಿನ್ನ ಪಾಲು ಇಟ್ಟಿದ್ದೆ. ತಕಂಡು ಹೋಗು."

ತಮ್ಮ ದಾಳವನ್ನು ನೋಡುತ್ತ ಕೂತಿದ್ದ. ಮಾಮೂಲಿ ದನಿಯಲ್ಲೇ ಹೇಳಿದ:

"ನನ್ನ ಕೈಗೆ ಅವ್ನ ಕೈ ಸಿಕ್ಕಿತ್ತು. ನಾ ಬಿಟ್ಟೆ."

ಗೆಳತಿಯ ಗಂಡನಿಗೆ ನಮ್ಮ ಮನೆಯ ಸಂಗತಿ ಗೊತ್ತಿರಲಿಲ್ಲ. ಇದಕ್ಕೆ ದಾಳ ಹಾಕಬೇಕೋ ಎಂದು ಕೇಳಿದ. ಗೆಳತಿ ಅವನ ಮೊಣಕಾಲಿಗೆ ತಟ್ಟಿದಳು. ತಮ್ಮ ಎದ್ದು ನೀರು ಕುಡಿದು ಬಂದು, ಮುಂದೆ ಹೇಳು ಅಕ್ಕ ಎಂದ. ನಾನು ಮುಂದೆ ಹೇಳಿದೆ. ಏನು ಹೇಳಿದೆ ಎಂಬುದು ಒಂದಿಷ್ಟೂ ನೆನಪಿಲ್ಲ.

ಅದು ನಿಜವೋ? ಅಂದಿನಿಂದ ನಾನು ಇದನ್ನು ಎರಡೂ ಬಗೆಯಲ್ಲಿ ಯೋಚಿಸಿದ್ದೇನೆ. ಒಂದು ಬಗೆಯಲ್ಲಿ, ಇಷ್ಟು ದಿನ ಯಾರಿಗೂ ಹೇಳದ್ದನ್ನು ಅವನು ಅಲ್ಲಿ ಹೇಳಿದ. ಇನ್ನೊಂದು ಬಗೆಯಲ್ಲಿ, ಅವನು ನನ್ನ ಪಾಠವನ್ನು ಚೆನ್ನಾಗಿ ಕಲಿತಿದ್ದ. ಪಾತ್ರ ಹಿಂದೆ ಏನಾದರೂ ಮಾಡಿರಬೇಕು ಎಂದವಳು ನಾನು. ಜೊತೆಗಾರ ಕೈಗೆ ಸಿಗದೇ ಹೋದದ್ದಕ್ಕೆ ಯಾರೂ ಊರು ಬಿಡುವುದಿಲ್ಲ, ಕಾರಣ ಸಾಲದು. ಬಿಟ್ಟೆ ಎಂದರೆ ಕತೆ ತನ್ನ ಕಾಲ ಮೇಲೆ ನಿಲ್ಲುತ್ತದೆ. ಕತೆಗೆ ಬೇಕಾದ್ದನ್ನು ಅವನು ಕೊಟ್ಟಿರಬಹುದು. ಹಾಗೆ ಕೊಟ್ಟಿದ್ದರೂ, ಒಮ್ಮೆ ಬಾಯಿಂದ ಬಂದ ಮೇಲೆ ಅದು ಅವನೊಳಗೆ ಎಷ್ಟು ನಿಜವಾಗಿ ಕೂತಿದೆಯೋ.

ಮುಂದಿನ ಭಾನುವಾರ ಅವನು ಬರಲಿಲ್ಲ, ಅದರ ಮುಂದಿನದಕ್ಕೂ ಇಲ್ಲ. ಕಾರ್ಖಾನೆಯಲ್ಲಿ ಭಾನುವಾರದ ಪಾಳಿ ಕೇಳಿ ಪಡೆದಿದ್ದ. ಊರಿಗೆ ಹೋದಾಗ ಬಸ್ ನಿಲ್ದಾಣದಲ್ಲಿ ಕಾದು ಅವನನ್ನು ಹಿಡಿದೆ. ಅವತ್ತು ಹೇಳಿದ್ದು ಯಾರ ಮಾತು, ನಿನ್ನದೋ ಕಾವಲುಗಾರನದೋ ಎಂದು ಕೇಳಿದೆ.

"ನೀ ಕೇಳಿದ್ದೆ, ನಾ ಕೊಟ್ಟೆ," ಎಂದ. "ಇನ್ನೂ ಎಂತಾ ಬೇಕು ನಿಂಗೆ?"

ಆಮೇಲೆ ಗದ್ದೆಯ ಕಡೆಯಿಂದ ಹೊರಟ. ನಾನು ನೇರ ದಾರಿಯಲ್ಲಿ ದೊಡ್ಡಮ್ಮನ ಮನೆಗೆ ಹೋದೆ. ಅವಳಿಗೆ ಏನು ಹೇಳಬೇಕೆಂದು ನಿಶ್ಚಯಿಸಿರಲಿಲ್ಲ. ಅವನ ಬದಲಿಗೆ ನಾನಾದರೂ ಹೋಗಿ ಕೂತರೆ ಏನಾದರೂ ಸಡಿಲವಾದೀತು ಎಂದುಕೊಂಡಿರಬೇಕು.

ದೊಡ್ಡಮ್ಮ ಒಬ್ಬಳೇ ಇದ್ದಳು. ಅಂಕೋಲೆಯ ಕಡೆಯಿಂದ ಮದುವೆಯಾಗಿ ಬಂದವಳು, ನಮ್ಮ ಕೊಂಕಣಿ ಮನೆಗಳ ನಡುವೆ ಇವತ್ತಿಗೂ ಕನ್ನಡವನ್ನೇ ಆಡುತ್ತಾಳೆ. ಚಾ ಮಾಡಿಕೊಟ್ಟಳು, ಕಾಲೇಜಿನ ಸುದ್ದಿ ಕೇಳಿದಳು. ಅವಳು ಎತ್ತುವ ಮೊದಲೇ ನಾನು, ತಮ್ಮನನ್ನು ಹೇಗಾದರೂ ಮಾಡಿ ಒಮ್ಮೆ ಕರೆದುಕೊಂಡು ಬರುತ್ತೇನೆ ಎಂದೆ.

ದೊಡ್ಡಮ್ಮ ಬಾಗಿಲ ಕಡೆ ನೋಡಿದಳು. ಹೊರಗೆ ಯಾರೂ ಇರಲಿಲ್ಲ.

"ಬ್ಯಾಡ," ಎಂದಳು. "ಅಂವ ಬಂದ್ರೆ ನಾ ಕೇಳ್ಳೇಬೇಕು. ಕೇಳಿದ್ರೆ ಅಂವ ಹೇಳ್ಳೇಬೇಕು. ಹೇಳಿದ ಮೇಲೆ ನಾವಿಬ್ರೂ ಈ ಊರಲ್ಲೇ ಇರೂಕೆ ಬೇಕಲ್ಲ ತಂಗಿ."

ಹಾಗಾದರೆ ಇಷ್ಟು ದಿನ ಬರೂಕೆ ಹೇಳು ಎಂದದ್ದು ಯಾಕೆ ಎಂದು ನಾನು ಕೇಳಿದೆ.

"ಜನ ಇರ್ತ್ರು," ಎಂದಳು. "ಬರೂದು ಬ್ಯಾಡ ಅಂತ ಅವ್ರೆದ್ರು ಹ್ಯಾಂಗೆ ಹೇಳೂದು?"

ಅವಳಿಗೆ ಏನು ಗೊತ್ತಿದೆ, ಎಷ್ಟು ಅಂದಾಜು ಮಾಡಿದ್ದಾಳೆ, ಕೇಳುವ ಧೈರ್ಯ ನನಗಾಗಲಿಲ್ಲ. ಚಾ ಮುಗಿಸಿ ಎದ್ದೆ. ಅವಳು ಅಂಗಳದವರೆಗೆ ಬಂದು ಕತ್ತಲಾಗುವ ಮುಂಚೆ ಹೋಗು ಎಂದಳು, ಎರಡು ಮನೆಯಾಚೆ ಹೋಗುವವಳಿಗೆ.

ನಮ್ಮ ಮನೆಯ ಮೆಟ್ಟಿಲ ಮೇಲೆ ತಮ್ಮ ಕೂತು ಬೂಟು ಬಿಚ್ಚುತ್ತಿದ್ದ. ಎಲ್ಲಿಗೆ ಹೋಗಿದ್ದೆ ಎಂದು ಕೇಳಿದ. ಅಂಗಡಿಗೆ ಎಂದೆ. ನನ್ನ ಕೈಯಲ್ಲಿ ಏನೂ ಇರಲಿಲ್ಲ. ಅವನು ನನ್ನ ಖಾಲಿ ಕೈಗಳನ್ನು ನೋಡಿದ, ಪಕ್ಕಕ್ಕೆ ಸರಿದು ನಾನು ಒಳಗೆ ಹೋಗಲು ಜಾಗ ಬಿಟ್ಟ.