ಕುಮುದಿನಿಯ ಮೂರು ವರ್ಷ

ಕುಮುದಿನಿ ಮಲ್ಕಾಜ್‌ಗಿರಿಯ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇದ್ದಳು. ರಾಯಚೂರಿನಿಂದ ಬಂದು ಸಾಫ್ಟ್‌ವೇರ್ ಕೆಲಸಕ್ಕೆ ಸೇರಿ ಐದು ವರ್ಷವಾಗಿತ್ತು. ೨೦೦೪ರಲ್ಲಿ ಕೆನಡಾದಲ್ಲಿ ಖಾಯಂ ನೆಲೆಸಲು ಅರ್ಜಿ ಹಾಕಹೊರಟಾಗ, ದುಡಿದ ಪ್ರತಿ ಕಂಪನಿಯಿಂದಲೂ ಕೆಲಸದ ವಿವರವಿರುವ ಅನುಭವ ಪತ್ರ ಬೇಕೆಂದು ಅಲ್ಲಿನ ವಲಸೆ ಕಚೇರಿಯವರು ಕೇಳಿದರು. ಅವಳು ಮೊದಲ ಮೂರು ವರ್ಷ ದುಡಿದ ಅಮೀರ್‌ಪೇಟ್‌ನ ಸಣ್ಣ ಕಂಪನಿ ಮುಚ್ಚಿಹೋಗಿತ್ತು.

ಅಲ್ಲಿ ಮ್ಯಾನೇಜರಾಗಿದ್ದ ನರಸಿಂಹರಾಯರನ್ನು ಹುಡುಕಿಕೊಂಡು ಒಂದು ಭಾನುವಾರ ಕುಷಾಯಿಗೂಡದ ಅವರ ಮನೆಗೆ ಹೋದಳು. ರಾಯರು ಅವಳ ಮುಖವನ್ನೇ ಬಹಳ ಹೊತ್ತು ನೋಡಿದರು.

"ತಪ್ಪು ತಿಳ್ಕೋಬ್ಯಾಡವಾ, ನಿನ್ನ ಗುರ್ತು ಹತ್ತವಲ್ದು."

"ನಿಮ್ಮ ಎದುರಿನ ಟೇಬಲ್ಲಿಗೇ ಕೂಡ್ತಿದ್ದೆರಿ, ಸರ್."

"ಹಂಗಾರ ಏನೇನ್ ಮಾಡಿದ್ದಿ, ನೀನೇ ಬರಿ. ಸಹಿ ಮಾಡ್ತೀನಿ."

ಅವಳು ಅಲ್ಲೇ ಕೂತು ಎರಡು ಪುಟ ಬರೆದಳು. ತನ್ನ ಕೆಲಸದ ಬಗ್ಗೆ ಅಷ್ಟು ವಿವರವಾಗಿ ಯಾರಿಗೂ ಹೇಳಿರಲಿಲ್ಲ, ಕೇಳುವವರೂ ಇರಲಿಲ್ಲ. ಓದಿದ ರಾಯರು, "ಇಷ್ಟೆಲ್ಲಾ ಒಬ್ಬಾಕಿನೇ ಮಾಡ್ತಿದ್ದೇನು?" ಎಂದು ಸಹಿ ಹಾಕಿದರು. ಹಿಂದಿರುಗುವ ಬಸ್ಸಿನಲ್ಲಿ ಅವಳು ಆ ಪುಟಗಳನ್ನು ಮತ್ತೆ ಮತ್ತೆ ಓದಿಕೊಂಡಳು.

ಒಂದೂವರೆ ವರ್ಷದ ನಂತರ ಕೆನಡಾದ ಕಚೇರಿಯಿಂದ ಉತ್ತರ ಬಂತು. ಕಂಪನಿಯ ಹೆಸರು ಅಚ್ಚಾದ ಕಾಗದದಲ್ಲಿಲ್ಲದ ಪತ್ರವನ್ನು ಅವರು ಒಪ್ಪಿರಲಿಲ್ಲ. ಆ ಮೂರು ವರ್ಷ ಲೆಕ್ಕಕ್ಕೆ ಬರದೆ, ಅರ್ಹತೆಗೆ ಬೇಕಾದ ಅಂಕಗಳಲ್ಲಿ ಎರಡು ಕಡಿಮೆಯಾಗಿ ಅರ್ಜಿ ಬಿದ್ದುಹೋಗಿತ್ತು.

ಮುಂದೆ ಇನ್ನೊಮ್ಮೆ ಹಾಕಬಹುದಿತ್ತು. ಹಾಕಲಿಲ್ಲ. ಆದರೆ ಟೀಮ್ ಲೀಡರ್ ಆದ ಮೇಲೆ, ತಂಡದಲ್ಲಿ ಯಾರು ಕೆಲಸ ಬಿಟ್ಟರೂ ಅವರು ಕೇಳುವ ಮೊದಲೇ ಪುಟಗಟ್ಟಲೆ ಅನುಭವ ಪತ್ರ ಬರೆದು ಕೊಡುತ್ತಿದ್ದಳು. ಹಲವರು ವಿದೇಶಕ್ಕೆ ಹೋದರು. ಒಬ್ಬಿಬ್ಬರು ಮೊದಮೊದಲು ಫೋನ್ ಮಾಡುತ್ತಿದ್ದರು.